ವಾರ್ಡಿನ ಮಂಚದ ಮ್ಯಾಲೆ ಸಿಪಿಆರ್: ಗಾದಿ, ಅಂಬು ಬ್ಯಾಗ್, ಹಾವು ಕಚ್ಚಿದ ಕೇಸು

ಪ್ರಶ್ನೆ (ಸ್ಟಾಫ್ ನರ್ಸ್, ಶಿರಹಟ್ಟಿ ಕಡೆ):
ಸರ್, ನಮ್ಮ ವಾರ್ಡಿನಾಗ ಫೋಮ್ ಗಾದಿ ಮಂಚ ಅದಾವ್ರಿ. ನೈಟ್ ಡ್ಯೂಟಿಗೆ ಇಬ್ಬರಽ ಇರತೀವಿ. ಪೇಶಂಟ್ ಅರೆಸ್ಟ್ ಆದ್ರ (ಹೃದಯ ನಿಂತ್ರ) ಸಿಪಿಆರ್ ಮಾಡಾಕ, ಅಂದ್ರ ಎದಿ ಒತ್ತಿ ಉಸಿರು ಕೊಡಾಕ, ನೆಲಕ್ಕ ಇಳಿಸಬೇಕೇನ್ರಿ? ಅಂಬು ಬ್ಯಾಗ್ (ಮಾಸ್ಕ್ ಹಚ್ಚಿ ಕೈಲಿ ಹಿಂಡಿ ಉಸಿರು ಕೊಡೂ ಚೀಲ) ಎಷ್ಟು ಒತ್ತಬೇಕು?

ಉತ್ತರ (ತುರ್ತು ಚಿಕಿತ್ಸಾ ವೈದ್ಯರು, ಹುಬ್ಬಳ್ಳಿ):
ಇಳಿಸಬ್ಯಾಡ್ರಿ ಸಿಸ್ಟರ್. ಹೊತ್ತು ಹೋಗತೈತಿ, ಐವಿ ಲೈನ್ ಕಿತ್ತು ಬರತೈತಿ. ಗಟ್ಟಿ ಹಲಗಿ ಕೈಗೆ ಸಿಗೂ ಹಂಗಿದ್ರ ಬೆನ್ನ ಕೆಳಗ ಸರಸ್ರಿ, ಹುಡುಕಾಕ ಮಾತ್ರ ಹೋಗಬ್ಯಾಡ್ರಿ. ಗಾಳಿ ಗಾದಿ ಇದ್ರ ಗಾಳಿ ಬಿಡ್ರಿ. ಮೋಸ ಆಗೋದು ಇಲ್ಲೇ: ಕೈ 5 ಸೆಂ.ಮೀ. ಕೆಳಗ ಹೋತು ಅನಸತೈತಿ, ಅದರಾಗ ಒಂದಿಷ್ಟು ಬರೇ ಗಾದಿ ಕುಗ್ಗಿದ್ದು. ಎದಿಗೂಡಽ 5 ಸೆಂ.ಮೀ. ತಗ್ಗಬೇಕು, 6 ದಾಟಬಾರದು. ಮಂಚ ಎತ್ತರ ಇದ್ರ ಸ್ಟೂಲ್ ಹತ್ತಿ, ಮೊಣಕೈ ನೆಟ್ಟಗಿಟ್ಟು, ನಿಮಿಷಕ್ಕ 100–120ರ ವೇಗದಾಗ ಒತ್ರಿ. ದಣಿದವರು ತಿಳೀದಂಗ ಎದಿ ಮ್ಯಾಲೆ ಒರಗತಾರ. ಎದಿ ಪೂರ್ತಿ ಮ್ಯಾಲೆ ಬರದಿದ್ರ ಹೃದಯಕ್ಕ ರಕ್ತ ತುಂಬೂದಿಲ್ಲ. ಅದಕ್ಕಽ 2 ನಿಮಿಷಕ್ಕೊಮ್ಮೆ ಅದಲು ಬದಲಾಗ್ರಿ.

ದೊಡ್ಡವರ ಬ್ಯಾಗಿನಾಗ ಸುಮಾರು 1500 ಮಿ.ಲೀ. ಗಾಳಿ ಇರತೈತಿ. ಬೇಕಾಗೋದು 500–600, ಅಂದ್ರ ಮೂರನೇ ಒಂದು ಪಾಲು ಸಾಕು. 1 ಸೆಕೆಂಡಿನಾಗ ಕೊಡ್ರಿ, ಎದಿ ಏರಿದ್ದು ಕಂಡ ಕೂಡ್ಲೆ ಬಿಡ್ರಿ. ಪೂರ್ತಿ ಹಿಂಡಿದ್ರ ಗಾಳಿ ಹೊಟ್ಟಿಗೆ ಹೋಗಿ ವಾಂತಿ ಮ್ಯಾಲೆ ಬರತೈತಿ, ಎದಿಯೊಳಗಿನ ಒತ್ತಡ ಏರಿ ಹೃದಯಕ್ಕ ವಾಪಸ್ ಬರೂ ರಕ್ತಾನೂ ಕಡಿಮಿ ಆಗತೈತಿ.

ಇಬ್ಬರಽ ಇದ್ದಾಗ ತಲಿ ಕಡೆ ನಿಂತವರು ಎರಡೂ ಕೈಲಿ ಮಾಸ್ಕ್ ಬಿಗಿಯಾಗಿ ಹಿಡೀಲಿ. ಎದಿ ಒತ್ತೂವರು 30 ಸಲ ಒತ್ತಿ ಮುಗಿಸಿ ತಾವಽ ಬ್ಯಾಗ್ ಎರಡು ಸಲ ಹಿಂಡಿ, 10 ಸೆಕೆಂಡಿನೊಳಗ ಮತ್ತ ಎದಿಗೆ ಬರಲಿ. ಒಂದು ಕೈಲಿ ಮಾಸ್ಕ್ ಹಿಡಿದ್ರ ಗಾಳಿ ಸಂದಿಯಿಂದ ಸೋರೋದಽ ಹೆಚ್ಚು.

ಪ್ರಶ್ನೆ (ಹಾನಗಲ್ಲಿನಿಂದ ಇನ್ನೊಬ್ಬರು):
ಕಟ್ಟುಹಾವು ಕಚ್ಚಿ ಉಸಿರು ನಿಂತವರಿಗೂ ಹಿಂಗಽ ಮಾಡಬೇಕೇನ್ರಿ?

ಉತ್ತರ:
ಮೊದಲು ಕೊರಳಿನ ನಾಡಿ ನೋಡ್ರಿ, 10 ಸೆಕೆಂಡಿಗಿಂತ ಹೆಚ್ಚು ಬ್ಯಾಡ. ಈ ವಿಷ ಸ್ನಾಯುಗಳನ್ನ ಕಟ್ಟಿಹಾಕತೈತಿ. ಉಸಿರು ನಿಂತರೂ ಹೃದಯ ಬಡೀತಿರಬಹುದು. ನಾಡಿ ಐತಿ ಅಂದ್ರ ಎದಿ ಒತ್ತಬ್ಯಾಡ್ರಿ, 6 ಸೆಕೆಂಡಿಗೊಂದು ಉಸಿರು ಕೊಡ್ರಿ, 2 ನಿಮಿಷಕ್ಕೊಮ್ಮೆ ನಾಡಿ ನೋಡ್ರಿ. ನಾಡಿ ಸಂಶಯ ಇದ್ರ ಒತ್ತೋದು ಶುರು ಮಾಡ್ರಿ. ರೆಪ್ಪಿ ಬಿಡೂದಿಲ್ಲ, ಕೈಕಾಲು ಅಲ್ಲಾಡೂದಿಲ್ಲ, ಪಾಪೆ ಅಗಲಾಗಿ ನಿಂತಿರಬಹುದು. ಅದನ್ನ ನೋಡಿ ಜೀವ ಹೋತು ಅಂತ ಕೈ ಬಿಡಬ್ಯಾಡ್ರಿ. ಒಳಗ ಎಚ್ಚರ ಇರಬಹುದು. ಹಂಗಾಗಿ ಮಂಚದ ಹತ್ರ ಮಾತಾಡೋದೂ ನೋಡಿ ಮಾತಾಡ್ರಿ. ಆಂಟಿವೆನಮ್ ಕೊಟ್ಟರೂ ಉಸಿರು ತಟ್ಟನ ವಾಪಸ್ ಬರೂದಿಲ್ಲ, ವೆಂಟಿಲೇಟರ್ ಇರೂ ಕಡೆ ತಲುಪೂತನಕ ಬ್ಯಾಗ್ ನಿಲ್ಲಸಬಾರದು.

ಕೀಟನಾಶಕ ಕುಡಿದವರಿಗೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬ್ಯಾಡ್ರಿ. ಗ್ಲೌಸ್ ಹಾಕ್ಕೊಂಡು, ಜೊಲ್ಲು ಸಕ್ಷನ್ ಮಾಡಿ, ಬ್ಯಾಗ್-ಮಾಸ್ಕ್‌ದಾಗಽ ಕೊಡ್ರಿ. ಕೀಟನಾಶಕ ಬಿದ್ದ ಬಟ್ಟಿ ಬಿಚ್ಚಿಸ್ರಿ.

ಪ್ರಶ್ನೆ:
ಮಾನಿಟರ್‌ನಾಗ ಗೆರಿ ಸಪಾಟ ಬಂದ್ರ ಶಾಕ್ ಕೊಡಬೇಕ್ರಿ?

ಉತ್ತರ:
ಇಲ್ರಿ. ಒತ್ತೋದು ನಿಲ್ಲಸದಽ ಲೀಡ್ (ಎದಿಗೆ ಹಚ್ಚಿದ ಮಾನಿಟರ್ ವೈರ್) ಕಳಚೈತೇನು ಅಂತ ಇನ್ನೊಬ್ಬರು ನೋಡಲಿ. ಶಾಕ್ ಬೇಕಾಗೋದು ವಿಎಫ್‌ಗೆ (ಹೃದಯ ಸರಿಯಾಗಿ ಬಡೀದಽ ಬರೇ ಅದುರೋದು), ನಾಡಿ ಇಲ್ಲದ ವಿಟಿಗೆ (ಹೃದಯದ ಕೆಳಗಿನ ಕೋಣಿ ಅತಿ ವೇಗದಾಗ ಬಡಿಯೋದು). ಸಪಾಟ ಗೆರಿಗೆ ಎದಿ ಒತ್ತೋದು, ಜತಿಗೆ ಅಡ್ರಿನಲಿನ್ 1 ಮಿ.ಗ್ರಾಂ., 3ರಿಂದ 5 ನಿಮಿಷಕ್ಕೊಮ್ಮೆ.