ಬರೇ ತಣ್ಣೀರ್ ಸ್ನಾನಕ್ಕಂತ ಒಂದು ಮನಿ ಯಾಕ ಕಟ್ಟಿಸ್ತಿದ್ರು?

ಧಾರವಾಡದಾಕಿ:
ಎಲ್ಲಾರಿಗೂ ನಮಸ್ಕಾರ ರೀ. ನನ್ನ ತಮ್ಮ ಇಂಗ್ಲೆಂಡಿನ್ಯಾಗ ಅದಾನ, ಮೊನ್ನೆ ವಾರ್ವಿಕ್‌ಶೈರ್‌ನ ವಾಲ್ಟನ್ ಹತ್ರ ಒಂದು ಹಳೇ ಬಾತ್ ಹೌಸಿನ ಫೋಟೊ ಕಳಿಸ್ಯಾನ. 1748ರಾಗ ಸ್ಯಾಂಡರ್ಸನ್ ಮಿಲ್ಲರ್ ಅನ್ನೋರು ಡಿಸೈನ್ ಮಾಡಿದ್ದಂತ, ದೊಡ್ಡ ಸಾಹುಕಾರರ ಜಮೀನಿನ್ಯಾಗ. ಕೆಳಗ ಗವಿ ಇದ್ದಂಗ ಒರಟು ಕಲ್ಲು, ನಡುವ ತಣ್ಣೀರಿನ ಹೊಂಡ, ಮ್ಯಾಲೆ ಎಂಟು ಮೂಲಿ ಖೋಲಿ, ಅದರ ಗ್ವಾಡಿಗೆಲ್ಲಾ ಸಮುದ್ರದ ಚಿಪ್ಪಿನ ಅಲಂಕಾರ, ಭಾಳ ಚಂದ ಐತಿ. ಆದ್ರ ಅಷ್ಟು ಥಂಡಿ ದೇಶದಾಗ ತಣ್ಣೀರಾಗ ಯಾಕ ಮುಳುಗ್ತಿದ್ರು? ನಮ್ಮವ್ವಗ ಬಿಪಿ ಐತಿ, ಫೋಟೊ ನೋಡಿದಾಗಿಂದ ತಾನೂ ದಿನಾ ತಣ್ಣೀರ್ ಸ್ನಾನ ಮಾಡ್ತೀನಿ ಅಂತ ಕುಂತಾಳ.

ಬಾವಿಕಟ್ಟಿ:
ಅದು ಆಗಿನ ಔಷಧಿ ಅಕ್ಕಾರ. ಲಿಚ್‌ಫೀಲ್ಡಿನ ಡಾಕ್ಟರ್ ಜಾನ್ ಫ್ಲಾಯರ್ ಅನ್ನೋರು 1700ರ ಸುಮಾರಿಗೆ ತಣ್ಣೀರ್ ಸ್ನಾನ ರೋಗಕ್ಕ ಛಲೋ ಅಂತ ಭಾಳ ಪ್ರಚಾರ ಮಾಡಿದ್ರು, ಆಮ್ಯಾಲೆ ಶ್ರೀಮಂತರು ತಮ್ಮ ತೋಟದಾಗ ಬುಗ್ಗಿ ನೀರಿರೋ ಕಡೆ ಇಂಥಾವು ಕಟ್ಟಿಸ್ಕೊಂಡ್ರು. ಮುಳುಗಿ ಎದ್ದು ಮೈ ಒರಸ್ಕೊಂಡು ಮ್ಯಾಲಿನ ಖೋಲ್ಯಾಗ ಬೆಚ್ಚಗ ಕುಂದರೂದು.

ಹುಬ್ಬಳ್ಳಿ ಡಾಕ್ಟ್ರು:
ತಂಗಿ, ಅವ್ವಾರಿಗೆ ಒಂದ್ ಮಾತು ಹೇಳು. ನೆಲದೊಳಗಿನ ನೀರು ಆ ಊರಿನ ವರ್ಷದ ಸರಾಸರಿ ಹವಾದಷ್ಟ ತಂಪಿರ್ತೈತಿ. ಇಂಗ್ಲೆಂಡಿನ್ಯಾಗ 10-11 ಡಿಗ್ರಿ, ನಮ್ಮ ಬಾವ್ಯಾಗ 25ರ ಆಸುಪಾಸು. ಅದಕ್ಕ ನಮ್ಮ ಬಾವಿ ನೀರು ಡಿಸೆಂಬರ್ ಮುಂಜಾನೆ ಬೆಚ್ಚಗ ಅನಸ್ತೈತಿ, ಆದ್ರ ಚಾವಣಿ ಮ್ಯಾಲಿನ ಟಾಕಿ ನೀರು ರಾತ್ರಿ ಪೂರ್ತಿ ತಣ್ಣಗಾಗಿರ್ತೈತಿ. 15 ಡಿಗ್ರಿಗಿಂತ ಕಡಿಮಿ ನೀರಾಗ ಒಮ್ಮೆಲೆ ಇಳಿದ್ರ ಉಸಿರು ಹಿಡ್ದಂಗಾಗಿ ಬಿಪಿ, ಎದಿ ಬಡಿತ ಎರಡೂ ಏರ್ತಾವ. ಅವ್ವಾರು ತಮ್ಮ ಡಾಕ್ಟರನ್ನ ಕೇಳದ ಶುರು ಮಾಡೂದು ಬ್ಯಾಡ, ಉಗುರುಬೆಚ್ಚಗಿನ ನೀರ ಸಾಕು.

ಗದಗಿನವ:
ಅವ್ವಾರನ್ನ ಲಕ್ಕುಂಡಿಗೆ ಕರ್ಕೊಂಡ್ ಬರ್ರಿ, ಗದಗಿನಿಂದ ಹೊಸಪೇಟೆ ರೋಡಿನ್ಯಾಗ 12 ಕಿಲೋಮೀಟರ್. ಮಾಣಿಕೇಶ್ವರ ಗುಡಿ ಹತ್ರ ಮುಸುಕಿನ ಬಾವಿ ಐತಿ, ಕಲ್ಯಾಣ ಚಾಲುಕ್ಯರ ಕಾಲದ್ದು. ಪಾವಟಿಗಿ ಇಳೀತಾ ಹೋದಂಗ ಗ್ವಾಡ್ಯಾಗ ಸಣ್ಣ ಸಣ್ಣ ಗುಡಿ ಇದ್ದಂಗ ಗೂಡು ಕಾಣ್ತಾವ, ಬ್ಯಾಸಿಗಿ ಮಧ್ಯಾಹ್ನ ನಾಲ್ಕು ಮೆಟ್ಲ ಇಳಿದ್ರೂ ತಂಪು ಮುಖಕ್ಕ ಹೊಡೀತೈತಿ. ಆ ಚಿಪ್ಪಿನ ಖೋಲಿಕಿಂತ ನನಗ ಇದ ಹೆಚ್ಚು. ಪಾಚಿ ಇರ್ತೈತಿ, ಅವ್ವಾರ ಕೈ ಹಿಡ್ಕೊಂಡ ಇಳೀರಿ.

ಧಾರವಾಡದಾಕಿ:
ಅವ್ವಗ ಓದಿ ಹೇಳಿದೆ ರೀ. ಟಾಕಿ ನೀರಿನ ಮಾತು ಒಪ್ಪಿದಳು, ಬಂಬದಾಗ ನೀರ್ ಕಾಸು ಅಂದ್ಲು. ರವಿವಾರ ಲಕ್ಕುಂಡಿಗೆ ಬರ್ತೀವಿ.