ಮೂರು ಕಂಟೇನರಿಗೆ ಒಂದೇ ಕ್ಯಾಶ್ ವಾಲ್ಯೂಮ್: ಮಾಡಿದವರು ಇದ್ದೀರಾ?

ವಿಜಯನಗರ, ಮೈಸೂರು: ನಮ್ಮದು ಐದು ಜನರ ಆಫೀಸು. ಒಂದೇ ಮಷಿನ್ನಿನಲ್ಲಿ ಡಾಕರ್ ಹಾಕಿ ಮೂರು ಕಂಟೇನರ್, ಅಂದರೆ ಬೇರೆ ಬೇರೆ ಮೂರು ಪುಟ್ಟ ಸಿಸ್ಟಂ ಇದ್ದ ಹಾಗೆ. ಮೂರೂ ಅವೇ ಪ್ಯಾಕೇಜುಗಳನ್ನು ಬೇರೆ ಬೇರೆ ಇಳಿಸಿಕೊಳ್ಳುತ್ತವೆ. ಆಪ್ಟ್ (ಉಬುಂಟುವಿನ ಇನ್‌ಸ್ಟಾಲರ್), ಎನ್‌ಪಿಎಂ (ಜಾವಾಸ್ಕ್ರಿಪ್ಟಿನದು) ಕ್ಯಾಶನ್ನು, ಅಂದರೆ ಇಳಿಸಿಟ್ಟ ಫೈಲುಗಳನ್ನು, ಒಂದು ವಾಲ್ಯೂಮಿಗೆ (ಕಂಟೇನರ್ ಹೊರಗೆ ಉಳಿಯುವ ಸ್ಟೋರೇಜ್) ಹಾಕಿ ಮೂರಕ್ಕೂ ಮೌಂಟ್ ಮಾಡಬಹುದಾ, ಅಂದರೆ ಜೋಡಿಸಬಹುದಾ?

ಮಂಡ್ಯದಿಂದ: ಎರಡು ವರ್ಷದಿಂದ ನಡೆಸುತ್ತಿದ್ದೇನೆ. ಮನೆಯಿಂದ ಕೆಲಸ, ಫೋನಿನ ಹಾಟ್‌ಸ್ಪಾಟೇ ಗತಿ. ದಿನದ 2 ಜಿಬಿ ಹನ್ನೊಂದು ಗಂಟೆಗೇ ಖಾಲಿ. ಅದಕ್ಕೇ ಆಪ್ಟ್ ಕ್ಯಾಶ್ ಫೋಲ್ಡರಿಗೆ ವಾಲ್ಯೂಮ್ ಕೊಟ್ಟೆ. ಮೂರು ದಿನ ನೋಡಿದೆ, ಒಳಗೆ ಒಂದು ಡೆಬ್ (ಪ್ಯಾಕೇಜ್) ಫೈಲೂ ಇಲ್ಲ! ಉಬುಂಟು ಇಮೇಜಿನಲ್ಲಿ (ಕಂಟೇನರ್ ಹುಟ್ಟುವ ಅಚ್ಚು) ಡಾಕರ್-ಕ್ಲೀನ್ ಅಂತ ಒಂದು ಕಾನ್ಫಿಗ್ ಫೈಲ್ ಇರುತ್ತದಲ್ವಾ, ಇನ್‌ಸ್ಟಾಲ್ ಆದ ಕೂಡಲೇ ಅದು ಎಲ್ಲ ಅಳಿಸುತ್ತಿತ್ತು. ಆ ಮೂರು ದಿನಕ್ಕೆ ಟಾಪ್‌ಅಪ್ ದುಡ್ಡೇ 174 ರೂಪಾಯಿ. ಆ ಕಾನ್ಫಿಗ್ ಫೈಲ್ ತೆಗೆದ ಮೇಲೆ ಲಾಕ್ ಕಾಟ: ಒಂದು ಹೊತ್ತಿಗೆ ಒಬ್ಬರೇ ಬಳಸಲಿ ಅಂತ ಆಪ್ಟ್ ಕ್ಯಾಶಿಗೆ ಬೀಗ ಹಾಕುತ್ತದೆ. ಎರಡು ಕಂಟೇನರ್ ಒಟ್ಟಿಗೆ ಇನ್‌ಸ್ಟಾಲಿಗೆ ಹೋದರೆ ಒಂದು ಲಾಕ್ ಸಿಗಲಿಲ್ಲ ಅಂತ ಸೋತು ನಿಲ್ಲುತ್ತದೆ. ಈಗ ಒಂದಾದ ಮೇಲೆ ಒಂದು ಓಡಿಸುತ್ತೇನೆ. ಡೇಟಾ ಸಂಜೆವರೆಗೆ ಬರುತ್ತದೆ.

ಕುವೆಂಪುನಗರ: ನಾನು ಕ್ಯಾಶ್ ಬಿಟ್ಟು ಎನ್‌ಪಿಎಂ ಇನ್‌ಸ್ಟಾಲ್ ಮಾಡಿಟ್ಟ ಇಡೀ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೇ ಹಂಚಿದ್ದೆ. ಒಂದು ಕಂಟೇನರ್ ಡೆಬಿಯನ್, ಇನ್ನೊಂದು ಆಲ್ಪೈನ್. ಎರಡೂ ಲಿನಕ್ಸೇ, ಆದರೆ ಒಳಗಿನ ಸಿ ಲೈಬ್ರರಿ ಬೇರೆ: ಡೆಬಿಯನ್ನಿಗೆ ಗ್ಲಿಬ್‌ಸಿ, ಆಲ್ಪೈನಿಗೆ ಮಸಲ್. ಗ್ಲಿಬ್‌ಸಿಗೆ ಕಂಪೈಲ್ ಆದ ಬಿಕ್ರಿಪ್ಟ್ (ಪಾಸ್‌ವರ್ಡಿನ ಪ್ಯಾಕೇಜ್), ಆಲ್ಪೈನಿನಲ್ಲಿ ಏಳಲೇ ಇಲ್ಲ. ಅದೂ ಕ್ಲೈಂಟಿಗೆ ತೋರಿಸುವ ಹಿಂದಿನ ರಾತ್ರಿ. ಬೆಳಗಿನ ಜಾವ ನಾಲ್ಕರವರೆಗೆ ಕೂತಿದ್ದೆ, ಮಗಳಿಗೆ ಜ್ವರ ಬೇರೆ. ಆ ಕೆಲಸದ 40,000 ರೂಪಾಯಿ ಕೈತಪ್ಪಿತು. ಈಗ ಹಂಚುವುದು ಎನ್‌ಪಿಎಂ ಕ್ಯಾಶ್ ಮಾತ್ರ.

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ: ಇದೆಲ್ಲ ಸುಮ್ನೆ ತಲೆನೋವು. ಹಳೇ ಡೆಸ್ಕ್‌ಟಾಪ್ 6,500ಕ್ಕೆ ತಂದೆ, ಎಸ್‌ಎಸ್‌ಡಿ 2,100. ಅದಕ್ಕೆ ಆಪ್ಟ್-ಕ್ಯಾಶರ್-ಎನ್‌ಜಿ (ಆಪ್ಟ್ ಪ್ಯಾಕೇಜನ್ನು ಒಮ್ಮೆ ಇಳಿಸಿ ಎಲ್ಲರಿಗೂ ಕೊಡುವ ಸರ್ವರ್) ಹಾಕಿ 3142 ಪೋರ್ಟಿಗೆ ಎಲ್ಲ ಕಂಟೇನರ್ ತಿರುಗಿಸಿದೆ. ಲಾಕೂ ಇಲ್ಲ, ಮೌಂಟೂ ಇಲ್ಲ. ಕರೆಂಟ್ ಹೋದಾಗ ಆ ಪಿಸಿ ಸತ್ತು ಎಲ್ಲರ ಬಿಲ್ಡೂ ನಿಂತಿತ್ತು, ನಿಜ. ಯುಪಿಎಸ್‌ಗೆ ಇನ್ನೂ 4,800 ಹೋಯಿತು.

ಮಂಡ್ಯದಿಂದ: ಒಟ್ಟು 13,400 ಆಯಿತಲ್ಲ ಸ್ವಾಮಿ! ಒಂದೇ ಮಷಿನ್ ಇರುವವರಿಗೆ ಇದೆಂಥ ಸಲಹೆ?

ಹೆಬ್ಬಾಳ: ನಿಮ್ಮ ವಾಲ್ಯೂಮ್ ಡಾಕರ್ ಬಿಲ್ಡ್ (ಇಮೇಜ್ ತಯಾರಿ) ಹೊತ್ತಿನಲ್ಲಿ ಮೌಂಟ್ ಆಗುವುದೇ ಇಲ್ಲ. ಅದನ್ನು ಯಾಕೆ ಹೇಳಲಿಲ್ಲ?

ಮಂಡ್ಯದಿಂದ: ನಾನು ಹೇಳಿದ್ದು ಓಡುತ್ತಿರುವ ಕಂಟೇನರ್ ವಿಷಯ. ಸರಿಯಾಗಿ ಓದಿ. ಬಿಲ್ಡಿಗೆ ಬಿಲ್ಡ್‌ಕಿಟ್ಟಿನ (ಡಾಕರಿನ ಬಿಲ್ಡ್ ಎಂಜಿನ್) ಕ್ಯಾಶ್ ಮೌಂಟ್ ಇದೆ. ಶೇರಿಂಗ್ ಲಾಕ್ಡ್ ಅಂತ ಕೊಟ್ಟರೆ ಒಂದು ಮುಗಿಯುವವರೆಗೆ ಇನ್ನೊಂದು ಕಾಯುತ್ತದೆ.

ಸರಸ್ವತಿಪುರಂ: ವಾಲ್ಯೂಮ್ ನಂಬಿ ಕೆಟ್ಟವನು ನಾನು. ಜಾಗ ಸಾಲದೆ ವಾಲ್ಯೂಮ್ ಪ್ರೂನ್ (ಬಳಸದ ವಾಲ್ಯೂಮ್ ಅಳಿಸುವ ಕಮಾಂಡ್) ಕೊಟ್ಟೆ, 11 ಜಿಬಿ ಪಿಪ್ (ಪೈಥಾನಿನ ಇನ್‌ಸ್ಟಾಲರ್) ಕ್ಯಾಶ್ ಹೋಯಿತು.

ಕುವೆಂಪುನಗರ: ಹೆಸರಿಟ್ಟ ವಾಲ್ಯೂಮ್ ಹಾಗೆ ಹೋಗುವುದಿಲ್ಲ ಸರ್.

ಸರಸ್ವತಿಪುರಂ: ಹೋಗಿದೆ ಅಂತ ಹೇಳುತ್ತಿದ್ದೇನಲ್ಲ ಮೇಡಂ. ನಾನೇನು ಸುಳ್ಳು ಹೇಳುತ್ತೀನಾ?

ಹೆಬ್ಬಾಳ: ಇಬ್ಬರದ್ದೂ ಸರಿ. ವರ್ಷನ್ 23ಕ್ಕಿಂತ ಹಳೇ ಡಾಕರ್, ಬಳಕೆಯಲ್ಲಿ ಇಲ್ಲದ ಹೆಸರಿನ ವಾಲ್ಯೂಮನ್ನೂ ಅಳಿಸುತ್ತಿತ್ತು. 23ರಿಂದ ಆಲ್ ಅಂತ ಕೊಟ್ಟರೆ ಮಾತ್ರ. ನಿಮ್ಮದು ಯಾವುದು?

ಸರಸ್ವತಿಪುರಂ: 20. ಬದಲಾಯಿಸಲು ಆಫೀಸಿನವರು ಬಿಡುವುದಿಲ್ಲ, ಅದು ಬೇರೆ ಕಥೆ.

ವಿಜಯನಗರ: ನನ್ನ ಮೂರೂ ಉಬುಂಟು. ಡಾಕರ್-ಕ್ಲೀನ್ ಇವತ್ತೇ ತೆಗೆಯುತ್ತೇನೆ. ಎನ್‌ಪಿಎಂಗೂ ಅಂಥ ಲಾಕ್ ಇದೆಯಾ?

ಮಂಡ್ಯದಿಂದ: ನನಗೆ ಬಂದಿಲ್ಲ. ಆದರೆ 13,400 ರೂಪಾಯಿ ಪಿಸಿ ಮಾತ್ರ ತರಬೇಡಿ.