ತೂಕ ನೋಡಿ ಎಲ್‌ಎಂಎ ಸೈಜ್ ಆರಿಸಿದರೆ ಸಾಕಾ?

ಓಟಿ_ಕಲಿಕೆ:
ನಾನು ಅನಸ್ತೇಸಿಯಾ ಪಿಜಿ ಮೊದಲ ವರ್ಷದಲ್ಲಿದ್ದೇನೆ. ಎಲ್‌ಎಂಎ (ಅರಿವಳಿಕೆಯಲ್ಲಿ ಉಸಿರಾಟಕ್ಕಾಗಿ ಗಂಟಲೊಳಗೆ ಕೂರಿಸುವ ಮಾಸ್ಕ್) ಪ್ಯಾಕೆಟ್ ಮೇಲೆ ತೂಕ ಬರೆದಿರುತ್ತದೆ. ಕ್ಲಾಸಿಕ್ ಎಂಬ ಬಗೆಯಲ್ಲಿ 30ರಿಂದ 50 ಕೆಜಿಗೆ 3ನೇ ಸೈಜ್, 50ರಿಂದ 70ಕ್ಕೆ 4, 70ರಿಂದ 100ಕ್ಕೆ 5. ಐ-ಜೆಲ್ ಎಂಬ ಇನ್ನೊಂದು ಬಗೆಗೆ ಬಂದರೆ 3 ಅಂದರೆ 30ರಿಂದ 60, 4 ಅಂದರೆ 50ರಿಂದ 90. ಹಾಗಾದರೆ 55 ಕೆಜಿ ಇರುವವರಿಗೆ ಯಾವುದು? ಇನ್ನೊಂದು, ಐದಡಿ ಎತ್ತರದ ಹೆಂಗಸು, ತೂಕ 95 ಕೆಜಿ, ಬಾಯಿ ನೋಡಿದರೆ ಚಿಕ್ಕದು, ಇವರಿಗೂ 5 ಹಾಕಬೇಕಾ? ಒಬ್ಬ ಸೀನಿಯರ್ ಚಿಕ್ಕದು ಹಾಕಿ ಕಫ್‌ಗೆ (ಮಾಸ್ಕ್ ಅಂಚಿನ ಗಾಳಿಚೀಲಕ್ಕೆ) ಗಾಳಿ ಜಾಸ್ತಿ ತುಂಬು ಅಂತಾರೆ, ಇನ್ನೊಬ್ಬರು ದೊಡ್ಡದು ಹಾಕಿ ಕಮ್ಮಿ ತುಂಬು ಅಂತಾರೆ. ಯಾರ ಮಾತು ಕೇಳಲಿ?

ಗ್ಯಾಸ್_ಮೇಡಂ:
ಎರಡನೆಯವರ ಮಾತು ಕೇಳಿ. ಚಿಕ್ಕ ಮಾಸ್ಕ್ ಹಾಕಿ ಗಾಳಿ ತುಂಬುತ್ತಾ ಹೋದರೆ ಕಫ್ ಗಟ್ಟಿಯಾಗುತ್ತದೆ, ಗಂಟಲಿನ ಆಕಾರಕ್ಕೆ ಒಗ್ಗುವುದಿಲ್ಲ, ಇಡೀ ಮಾಸ್ಕ್ ಮೇಲಕ್ಕೆ ಸರಿಯುತ್ತದೆ, ಲೀಕ್ ಇನ್ನೂ ಹೆಚ್ಚುತ್ತದೆ. 4ನೇ ಸೈಜ್ ಕ್ಲಾಸಿಕ್‌ಗೆ 30 ಎಂಎಲ್ ಅಂತ ಬರೆದಿದ್ದರೆ ಅದು ಗರಿಷ್ಠ, ಅಷ್ಟೂ ತುಂಬಲೇಬೇಕು ಅಂತಲ್ಲ. ಎಷ್ಟೋ ಸಲ ಅರ್ಧಕ್ಕೇ ಸೀಲ್ ಆಗುತ್ತದೆ. ಕಫ್ ಒತ್ತಡ 60 ಸೆಂಮೀ ನೀರಿನ ಮಟ್ಟ ದಾಟಬಾರದು. ಕಫ್‌ಗೆ ಸೇರಿಕೊಂಡು ಹೊರಗಿರುವ ಪೈಲಟ್ ಬಲೂನ್ ಬೆರಳಲ್ಲಿ ಒತ್ತಿ ನೋಡಿದರೆ ಅಂದಾಜು ತಪ್ಪುತ್ತದೆ, ಒತ್ತಡ ಅಳೆಯುವ ಮನೋಮೀಟರ್ ಹಾಕಿ. ನೈಟ್ರಸ್ ಅನಿಲ ಕೊಡುತ್ತಿದ್ದರೆ ಅದು ಕಫ್ ಒಳಗೆ ಸೇರಿ ಒತ್ತಡ ತಾನಾಗೇ ಏರುತ್ತದೆ, ಹಾಗಾಗಿ ಮಧ್ಯೆ ಮತ್ತೆ ನೋಡಬೇಕು. ಇದು ಬರೀ ಗಂಟಲು ನೋವಿನ ವಿಷಯ ಅಲ್ಲ, ನಾಲಿಗೆಯ ನರ ಒತ್ತಿಹೋಗಿ ಎಚ್ಚರವಾದ ಮೇಲೆ ನಾಲಿಗೆ ಜೋಮು ಹಿಡಿದದ್ದು ವರದಿಯಾಗಿದೆ.

ಹಾಗಂತ ಎಲ್ಲರಿಗೂ ದೊಡ್ಡದು ತುರುಕುವುದೂ ಬೇಡ. ತೀರಾ ದೊಡ್ಡದಾದರೆ ತುದಿ ಕೆಳಗೆ ಕೂರದೆ ಮೇಲೇ ನಿಂತುಬಿಡುತ್ತದೆ.

ನಿಮ್ಮ 95 ಕೆಜಿ ಪೇಷಂಟ್ ವಿಷಯ. ಹೊಟ್ಟೆ, ಸೊಂಟದಲ್ಲಿ ಕೊಬ್ಬು ಸೇರಿದರೆ ಗಂಟಲ ಅಳತೆಯೂ ಅಷ್ಟೇ ಬೆಳೆಯುತ್ತದಾ? ಇಲ್ಲ ಅಲ್ವಾ. ಎತ್ತರ, ಗಂಡಸೋ ಹೆಂಗಸೋ, ಬಾಯಿ ಎಷ್ಟು ತೆರೆಯುತ್ತದೆ, ಇವನ್ನು ನೋಡಿ. ನಾನಾದರೆ 4ರಿಂದ ಶುರು ಮಾಡುತ್ತೇನೆ. ಆದರೆ ಅದಕ್ಕೂ ಮೊದಲು ಇವರಿಗೆ ಎಲ್‌ಎಂಎ ಸರಿಯಾ ಅಂತ ಕೇಳಿಕೊಳ್ಳಿ. ಎದೆ ಭಾರ ಇರುವುದರಿಂದ ಗಾಳಿ ತಳ್ಳಲು ಒತ್ತಡ ಜಾಸ್ತಿ ಬೇಕಾಗುತ್ತದೆ. ಎದೆಯುರಿ, ಹುಳಿತೇಗು ಇದ್ದರೆ ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದೇ ವಾಸಿ.

ಮಕ್ಕಳ_ಓಟಿ:
55 ಕೆಜಿಗೆ ಐ-ಜೆಲ್ 3, 4 ಎರಡೂ ಸರಿ. ಉದ್ದ ಮೈಕಟ್ಟಾದರೆ 4, ಗಿಡ್ಡಕ್ಕಿದ್ದು ಬಾಯಿ ಚಿಕ್ಕದಾದರೆ 3. ಅದರಲ್ಲಿ ಕಫ್‌ಗೆ ಗಾಳಿ ತುಂಬುವ ಮಾತೇ ಇಲ್ಲ, ಹಾಗಾಗಿ ಸೈಜ್ ತಪ್ಪಿದರೆ ಹೊಂದಿಸಲು ದಾರಿ ಇರುವುದಿಲ್ಲ. ಮೇಲಿನದೊಂದು, ಕೆಳಗಿನದೊಂದು ಸೈಜ್ ಟ್ರಾಲಿ ಮೇಲೆ ಇರಲಿ. ಮಕ್ಕಳಲ್ಲಿ ತೂಕದ ಪಟ್ಟಿ ದೊಡ್ಡವರಿಗಿಂತ ಚೆನ್ನಾಗಿ ಹೊಂದುತ್ತದೆ, ಆದರೆ ಮಗು ದಪ್ಪ ಇದ್ದರೆ ಅಲ್ಲೂ ಇದೇ ತಕರಾರು.

ಓಟಿ_ಕಲಿಕೆ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಹಾಕಿದ ಮೇಲೆ ಸೈಜ್ ಸರಿಯಾಗಿದೆ ಅಂತ ಹೇಗೆ ಗೊತ್ತುಮಾಡಿಕೊಳ್ಳುವುದು? ಲೀಕ್ ಆದರೆ ತಕ್ಷಣ ಬದಲಿಸಲಾ?

ಗ್ಯಾಸ್_ಮೇಡಂ:
ಕ್ಯಾಪ್ನೋಗ್ರಾಫ್ (ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಯಂತ್ರ) ಗೆರೆ ಚೌಕಾಕಾರದಲ್ಲಿ ಬರುತ್ತಿದೆಯಾ, ಎದೆ ಎರಡೂ ಕಡೆ ಏಳುತ್ತಿದೆಯಾ ನೋಡಿ. ಆಮೇಲೆ ಗ್ಯಾಸ್ ನಿಮಿಷಕ್ಕೆ 3 ಲೀಟರ್‌ಗೆ ಇಟ್ಟು ಎಪಿಎಲ್ ವಾಲ್ವ್ (ಹೆಚ್ಚಾದ ಗಾಳಿ ಹೊರಬಿಡುವ ಕವಾಟ) ಮುಚ್ಚಿ, ಬಾಯಿ ಹತ್ತಿರ ಕಿವಿ ಇಟ್ಟು ಕೇಳಿ. ಒತ್ತಡದ ಮುಳ್ಳು ಏರಿ ಏರಿ ಒಂದು ಕಡೆ ನಿಲ್ಲುತ್ತದೆ, ಅಷ್ಟರಲ್ಲಿ ಗಾಳಿ ಸೋರುವ ಸದ್ದೂ ಕೇಳುತ್ತದೆ. ಅದೇ ಲೀಕ್ ಒತ್ತಡ. 40 ಸೆಂಮೀ ನೀರಿನ ಮಟ್ಟ ಮುಟ್ಟಿದರೆ ಅಲ್ಲಿಗೇ ನಿಲ್ಲಿಸಿ ವಾಲ್ವ್ ಬಿಡಿ. ಕ್ಲಾಸಿಕ್‌ನಲ್ಲಿ ವೆಂಟಿಲೇಟ್ ಮಾಡುವಾಗ ಒತ್ತಡ 20ರ ಒಳಗೇ ಇರಲಿ, ಇಲ್ಲದಿದ್ದರೆ ಗಾಳಿ ಹೊಟ್ಟೆಗೆ ಹೋಗುತ್ತದೆ.

ಲೀಕ್ ಅಂದ ಕೂಡಲೇ ಸೈಜ್ ಬದಲಿಸಲು ಹೋಗಬೇಡಿ. ಪೇಷಂಟ್ ಇನ್ನೂ ಪೂರ್ತಿ ಆಳಕ್ಕೆ ಹೋಗಿಲ್ಲದೆ ಗಂಟಲು ಬಿಗಿಹಿಡಿದಿರಬಹುದು. ಆಗ ಪ್ರೊಪೊಫಾಲ್ (ಅರಿವಳಿಕೆ ಮದ್ದು) ಬೇಕು, ಬೇರೆ ಮಾಸ್ಕ್ ಅಲ್ಲ. ತುದಿ ಮಡಚಿರಬಹುದು, ಮಾಸ್ಕ್ ತಿರುಗಿರಬಹುದು. ಸ್ವಲ್ಪ ಹೊರಗೆಳೆದು ದವಡೆ ಎತ್ತಿ ಮತ್ತೆ ಕೂರಿಸಿ, ತಲೆ ಸರಿಮಾಡಿ, ಕಫ್‌ನಿಂದ ಒಂದಿಷ್ಟು ಗಾಳಿ ತೆಗೆದೂ ನೋಡಿ. ಇಷ್ಟಾದರೂ ಸೋರಿದರೆ ಮುಂದಿನ ಸೈಜ್. ಈ ಮಧ್ಯೆ ರಕ್ತದ ಆಕ್ಸಿಜನ್ ಸ್ಯಾಚುರೇಷನ್ ಇಳಿಯುತ್ತಿದ್ದರೆ ಪ್ರಯೋಗ ಸಾಕು, ತೆಗೆದು ಫೇಸ್ ಮಾಸ್ಕ್‌ನಲ್ಲಿ ಆಕ್ಸಿಜನ್ ಕೊಡಿ, ಸೀನಿಯರ್‌ನ ಕರೆಯಿರಿ.